ಕಲ್ಲು ಹಿಟ್ಟಾದರೆ ಚಿನ್ನ

ರಾಗಿ ಬೀಸಿ ಗೊತ್ತಿರುವವರಿಗೆ ಚಿನ್ನದ ಗಣಿಯ ಅರ್ಧ ವಿದ್ಯೆ ಗೊತ್ತಿದ್ದಂತೆಯೇ ಸರಿ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಲ್ಲಿ ಈಗ ಯಾರೂ ಮನೆಯಲ್ಲಿ ಬೀಸುವುದಿಲ್ಲ, ಮಿಲ್ಲಿಗೆ ಒಯ್ಯುತ್ತಾರೆ. ಆದರೂ ಹಳೆಯ ಮನೆಗಳ ಮೂಲೆಯಲ್ಲೋ ಹಿತ್ತಿಲಲ್ಲೋ ಬೀಸುವ ಕಲ್ಲು ಇನ್ನೂ ಬಿದ್ದಿರುವುದುಂಟು. ಅದರ ಕೆಲಸದ ಕ್ರಮ ನೆನಪಿಸಿಕೊಳ್ಳಿ. ಕಾಳು ಹಾಕಬೇಕು, ತಿರುಗಿಸಬೇಕು, ಬಂದದ್ದನ್ನು ಜರಡಿ ಹಿಡಿಯಬೇಕು. ಜರಡಿಯಿಂದ ಇಳಿದದ್ದು ಹಿಟ್ಟು, ಮೇಲುಳಿದ ತರಿ ಮತ್ತೆ ಕಲ್ಲಿಗೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಹಗಲಿರುಳು ನಡೆಯುವುದೂ ಇದೇ ಕೆಲಸ. ಅಲ್ಲಿ ಕಾಳಿನ ಬದಲು ಕಗ್ಗಲ್ಲು, ಬೀಸುವ ಕಲ್ಲಿನ ಬದಲು ಉಕ್ಕಿನ ಗುಂಡು ತುಂಬಿದ ದೊಡ್ಡ ಪೀಪಾಯಿ, ಅಷ್ಟೇ ವ್ಯತ್ಯಾಸ.

ಹಾಗಾದರೆ ಚಿನ್ನಕ್ಕಾಗಿ ಕಲ್ಲನ್ನು ಹಿಟ್ಟು ಮಾಡಬೇಕೇಕೆ? ಗಣಿಯಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಹೊಳೆಯುತ್ತಿರುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ಸಿನಿಮಾಗಳೂ ಹಾಗೆಯೇ ತೋರಿಸುತ್ತವೆ. ನಿಜವಾಗಿ ಹಟ್ಟಿಯಂಥ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಎರಡು ಮೂರು ಗ್ರಾಂ. ಆ ಮೂರು ಗ್ರಾಂ ಚಿನ್ನವನ್ನೆಲ್ಲ ಒಟ್ಟುಗೂಡಿಸಿ ಉಂಡೆ ಮಾಡಿದರೆ ಒಂದು ಒಣ ಬಟಾಣಿ ಕಾಳಿನಷ್ಟಾಗುತ್ತದೆ. ಅದು ಉಂಡೆಯಾಗಿ ಒಂದೇ ಕಡೆ ಇರುವುದೂ ಇಲ್ಲ. ಬೆಣಚುಕಲ್ಲಿನ ಬಿರುಕುಗಳಲ್ಲಿ, ಗಂಧಕ ಬೆರೆತ ಖನಿಜಗಳ ಹರಳಿನೊಳಗೆ, ಬರಿಗಣ್ಣಿಗೆ ಕಾಣದ ಕಣಗಳಾಗಿ ಚದುರಿರುತ್ತದೆ.

ಎಳ್ಳುಂಡೆ ಕಟ್ಟುವಾಗ ಒಳಗೆ ಒಂದೇ ಒಂದು ಏಲಕ್ಕಿ ಬೀಜ ಸೇರಿಕೊಂಡಿತೆನ್ನಿ. ಉಂಡೆಯನ್ನು ಹೊರಗಿನಿಂದ ಎಷ್ಟು ನೆಕ್ಕಿದರೂ ಆ ಬೀಜದ ರುಚಿ ನಾಲಿಗೆಗೆ ಹತ್ತದು. ಕಚ್ಚಬೇಕು, ಅಗಿಯಬೇಕು. ಚಿನ್ನವೂ ಹೀಗೆಯೇ. ಅದನ್ನು ಹಿಡಿಯಲು ಪಾದರಸ ಬಳಸಿ, ಸೈನೈಡ್ ಬಳಸಿ, ಯಾವುದೇ ಆದರೂ ಚಿನ್ನದ ಕಣವನ್ನು ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ಕಲ್ಲಿನೊಳಗೆ ಮುಚ್ಚಿಕೊಂಡ ಕಣ ಕಾರ್ಖಾನೆಯ ಒಂದು ಬಾಗಿಲಿನಿಂದ ಒಳಹೊಕ್ಕು, ಎಲ್ಲ ತೊಟ್ಟಿಗಳನ್ನೂ ಹಾಯ್ದು, ಇನ್ನೊಂದು ಬಾಗಿಲಿನಿಂದ ಹೊರಬಿದ್ದು ತಿಪ್ಪೆ ಸೇರುತ್ತದೆ. ಎಷ್ಟು ನುಣ್ಣಗೆ ಅರೆಯಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಗಣಿಯ ಲಾಭ ನಷ್ಟ ತಿರುಗುವುದು ಇದಕ್ಕಾಗಿ.

ಈ ಅರಿವು ನಮ್ಮ ನಾಡಿಗೆ ಹೊಸದಲ್ಲ. ಹಟ್ಟಿಯಲ್ಲಿ ಹಿಂದಿನವರು ಸುಮಾರು 640 ಅಡಿ ಆಳದವರೆಗೆ ಅದಿರು ತೋಡಿದ್ದರು. ಆ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯ ಮಾಡಿದಾಗ ಅವು ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯವೆಂದು ತಿಳಿದುಬಂತು. ಆ ಪರಿಸರದ ಬಂಡೆಗಳ ಮೇಲೆ ಅದಿರು ಕುಟ್ಟಿದ ಗುಳಿಗಳಿವೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಬಗ್ಗೆ ವಿವರವಾಗಿ ಬರೆದರು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡವರು ಇತಿಹಾಸಕಾರರಲ್ಲ, ನಿಜಾಮನ ರಾಜ್ಯದಲ್ಲಿ ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರು. ಚಿನ್ನ ಅರಸಿ ಹೊರಟವರಿಗೆ ಚಕ್ರವರ್ತಿಯೇ ಸಿಕ್ಕ!

ಕೋಲಾರದ ಕಡೆಯ ವಿವರ ಇನ್ನೂ ಸ್ಪಷ್ಟ. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತಮುತ್ತ ಓಡಾಡಿ, ಕಂಡದ್ದನ್ನು ದಾಖಲಿಸಿದ. ಗಂಡಸರು ಗುಂಡಿಗಳಿಗೆ ಇಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದರು. ಹೆಂಗಸರು ಆ ಕಲ್ಲನ್ನು ದೊಡ್ಡ ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ತೊಳೆದು ಚಿನ್ನ ಬೇರ್ಪಡಿಸುತ್ತಿದ್ದರು. ಅಂದರೆ ಅಗೆಯುವುದು ಗಂಡಿನ ಕೆಲಸ, ಅರೆಯುವುದು ಹೆಣ್ಣಿನ ಕೆಲಸ. ಮನೆಯಲ್ಲಿ ಒನಕೆ ಹಿಡಿದ ಕೈಯೇ ಅಲ್ಲಿಯೂ ದುಡಿಯಿತು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದ ಜಾಲಗಾರರ ಪಾಡು ಇದಕ್ಕಿಂತ ಸುಲಭ. ಅವರ ಪಾಲಿಗೆ ಅರೆಯುವ ಕೆಲಸವನ್ನು ಮಳೆ, ಬಿಸಿಲು, ಹೊಳೆಗಳೇ ಲಕ್ಷಾಂತರ ವರ್ಷ ಮಾಡಿಟ್ಟಿದ್ದವು. ಆದರೆ ಹೊಳೆ ಅರೆದುಕೊಟ್ಟದ್ದು ಕೊಂಚವೇ. ಅದು ಬೇಗ ಮುಗಿಯುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳ ಆಡಳಿತಕ್ಕೆ ಬಂತು. ಮುಂದೆ ಕೆಲವು ವರ್ಷಗಳಲ್ಲಿ ಚಾಂಪಿಯನ್ ರೀಫಿನ ಸಮೃದ್ಧ ಪದರ ಸಿಕ್ಕಿ ಗಣಿಯ ದೆಸೆ ತಿರುಗಿತು. ಆಗ ಅದಿರು ಪುಡಿ ಮಾಡಲು ಬಳಸಿದ್ದು ಸ್ಟ್ಯಾಂಪ್ ಮಿಲ್. ಇದು ನಮ್ಮ ಒರಳು ಒನಕೆಯದೇ ಯಂತ್ರರೂಪ. ಸುಮಾರು ಅರ್ಧ ಟನ್ ತೂಕದ ಕಬ್ಬಿಣದ ಒನಕೆಗಳು ಸಾಲಾಗಿ ನಿಂತಿರುತ್ತವೆ. ತಿರುಗುವ ದಂಡವೊಂದು ಅವನ್ನು ಎತ್ತಿ ಎತ್ತಿ ಬಿಡುತ್ತದೆ, ನಿಮಿಷಕ್ಕೆ ತೊಂಬತ್ತು ನೂರು ಪೆಟ್ಟು. ಒರಳಿನಲ್ಲಿ ಅದಿರು ಮತ್ತು ನೀರು. ಪುಡಿಯಾದದ್ದು ತೆಳ್ಳನೆಯ ಕೆಸರಾಗಿ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ಬಿಡಿ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ, ಕೆಸರು ಮುಂದೆ ಹೋಗುತ್ತದೆ.

ಪಾದರಸದ್ದು ಒಂದು ಹಟ. ಕಣ ಸಾಕಷ್ಟು ದೊಡ್ಡದಿರಬೇಕು, ಕಲ್ಲಿನಿಂದ ಚೆನ್ನಾಗಿ ಬಿಡಿಸಿಕೊಂಡಿರಬೇಕು. ಅರ್ಧಂಬರ್ಧ ಕಲ್ಲಿನಲ್ಲೇ ಸಿಕ್ಕಿಕೊಂಡದ್ದು ಅದರ ಕೈ ತಪ್ಪುತ್ತದೆ. ತೀರಾ ನುಣುಪಾದ ಕಣವೋ ನೀರಿನ ಮೇಲೆ ತೇಲಿ ಹೋಗಿಬಿಡುತ್ತದೆ. ದಪ್ಪಗೆ ಕುಟ್ಟಿದರೂ ನಷ್ಟ, ನುಣ್ಣಗೆ ಕುಟ್ಟಿದರೂ ನಷ್ಟ. ಕೈತಪ್ಪಿದ ಚಿನ್ನವೆಲ್ಲ ಕೆಸರಿನೊಡನೆ ಹೊರಗೆ ರಾಶಿ ಬೀಳುತ್ತಿತ್ತು.

ಈ ಕಗ್ಗಂಟನ್ನು ಬಿಡಿಸಿದ್ದು ಸೈನೈಡ್. 1887ರಲ್ಲಿ ಗ್ಲಾಸ್ಗೋದ ಜಾನ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಪೇಟೆಂಟ್ ಪಡೆದ ಈ ವಿಧಾನ ಬಹುಬೇಗ ದಕ್ಷಿಣ ಆಫ್ರಿಕಾವನ್ನು ತಲುಪಿ, ಕೋಲಾರಕ್ಕೂ ಬಂತು. ನೀರಿನಲ್ಲಿ ಅತ್ಯಲ್ಪ ಪ್ರಮಾಣದ ಸೈನೈಡ್, ಅದಕ್ಕೆ ಗಾಳಿಯ ಆಮ್ಲಜನಕ ಸೇರಿದರೆ ಚಿನ್ನ ಸಕ್ಕರೆಯಂತಲ್ಲದಿದ್ದರೂ ನಿಧಾನವಾಗಿ ಕರಗುತ್ತದೆ. ಒಂದು ದಿನ, ಎರಡು ದಿನ ಹಿಡಿಯುತ್ತದೆ. ದ್ರಾವಣಕ್ಕೆ ಸುಣ್ಣ ಬೆರೆಸುವುದು ಕಡ್ಡಾಯ, ಇಲ್ಲವಾದರೆ ಪ್ರಾಣಾಂತಿಕ ಅನಿಲ ಏಳುತ್ತದೆ. ಅರೆಯುವವರ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ, ಕಣ ಪೂರ್ತಿ ಬಿಡಿಯಾಗಬೇಕೆಂದಿಲ್ಲ. ಕಲ್ಲಿನ ಚೂರಿನಲ್ಲಿ ಚಿನ್ನಕ್ಕೊಂದು ಕಿಟಕಿ ತೆರೆದರೆ ಸಾಕು, ದ್ರಾವಣ ಅಲ್ಲಿಂದ ಒಳಹೊಕ್ಕು ಕರಗಿಸಿಕೊಂಡು ಬರುತ್ತದೆ. ಕಣ ಎಷ್ಟು ಸಣ್ಣದೋ ಅಷ್ಟು ಬೇಗ ಕರಗುತ್ತದೆ. ಹೀಗಾಗಿ ನುಣುಪು ಶತ್ರುವಾಗಿದ್ದದ್ದು ಮಿತ್ರನಾಯಿತು. ಮೊದಲು ತೀರಾ ನುಣುಪಾದ ಕೆಸರಿನಲ್ಲಿ ದ್ರಾವಣ ಬಸಿಯದೆ ನಿಂತುಬಿಡುತ್ತಿತ್ತು. ತೊಟ್ಟಿಯಲ್ಲಿ ಕೆಸರನ್ನು ಸದಾ ಕಲಕುವ ಪದ್ಧತಿ ಬಂದ ಮೇಲೆ ಆ ತೊಡಕೂ ನಿವಾರಣೆಯಾಯಿತು.

ಹೆಚ್ಚು ಅರೆಯಬೇಕೆಂದರೆ ಹೆಚ್ಚು ಶಕ್ತಿ ಬೇಕು. ಇಲ್ಲಿ ಹಾಸನ ಜಿಲ್ಲೆಯವರಿಗೂ ಈ ಕಥೆಯಲ್ಲಿ ಒಂದು ಪಾಲು ಬರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್ 30ರಂದು ಮೊದಲು ವಿದ್ಯುತ್ ಕಳಿಸಿದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. 92 ಮೈಲಿ, ಅಂದರೆ 148 ಕಿಲೋಮೀಟರ್ ದೂರದ ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು ಅದಾದ ಮೂರು ವರ್ಷಕ್ಕೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಯ ಯಂತ್ರಗಳೂ ಸೊರಗುವಂತಿದ್ದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ನೀರಾವರಿಯಷ್ಟೇ ಮುಖ್ಯವಾದ ಕಾರಣ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದು. ಆ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವುದು ಹೇಮಾವತಿ. ಹೊಳೆನರಸೀಪುರದ ದಂಡೆ ಸವರಿಕೊಂಡು ಹೋದ ನೀರೇ ಮುಂದೆ ಕೋಲಾರದ ಕಬ್ಬಿಣದ ಒನಕೆಗಳನ್ನು ಎತ್ತಿತು. ನಮ್ಮೂರ ಹೊಳೆ ಬೇರೆಯವರ ಚಿನ್ನ ಕುಟ್ಟಿತು ಎಂದು ಯಾರಾದರೂ ಚೇಷ್ಟೆ ಮಾಡಿದರೆ ಪೂರ್ತಿ ತಪ್ಪೆನ್ನಲಾಗದು.

ಒನಕೆಯ ಕಾಲ ಮುಗಿದು ಬಂದದ್ದು ಟ್ಯೂಬ್ ಮಿಲ್, ಬಾಲ್ ಮಿಲ್. ಅಡ್ಡಲಾಗಿ ಮಲಗಿಸಿದ ಉಕ್ಕಿನ ಪೀಪಾಯಿ, ಒಳಗೆ ಉಕ್ಕಿನ ಗುಂಡುಗಳು, ಅದಿರು, ನೀರು. ಪೀಪಾಯಿ ತಿರುಗಿದಂತೆ ಗುಂಡುಗಳು ಮೇಲೇರಿ ಉರುಳಿ ಬೀಳುತ್ತವೆ, ಬೀಳುವಾಗ ಜಜ್ಜುತ್ತವೆ, ಉರುಳುವಾಗ ಅರೆಯುತ್ತವೆ. ಹೊರಬಂದ ಕೆಸರನ್ನು ಶಂಕುವಿನಾಕಾರದ ಸೈಕ್ಲೋನಿನಲ್ಲಿ ಸುಳಿ ಸುತ್ತಿಸಿದರೆ ನುಣುಪಾದದ್ದು ಮೇಲಿನಿಂದಲೂ ತರಿಯಾದದ್ದು ಕೆಳಗಿನಿಂದಲೂ ಬೇರೆಯಾಗುತ್ತವೆ. ತರಿ ಮತ್ತೆ ಪೀಪಾಯಿಗೆ. ಮೊದಲು ಹೇಳಿದ ಜರಡಿಯ ಕೆಲಸ ಇದು.

ಚಿನ್ನದ ಕಾರ್ಖಾನೆಗಳಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ಅಳತೆ 200 ಮೆಶ್. ಒಂದು ಇಂಚಿಗೆ ಇನ್ನೂರು ಕಣ್ಣುಗಳಿರುವ ಜರಡಿ ಎಂದರ್ಥ. ಅದರ ಕಣ್ಣಿನ ಅಗಲ 74 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಒಂದು ರಾಗಿ ಕಾಳಿನ ಗಾತ್ರದ ಕಲ್ಲು, ಸುಮಾರು ಒಂದೂವರೆ ಮಿಲಿಮೀಟರ್, ಈ ಕಣ್ಣಿನಲ್ಲಿ ಇಳಿಯಬೇಕಾದರೆ ಎಂಟು ಸಾವಿರ ಚೂರಾಗಬೇಕು. ಗಮನಿಸಿ, ಕಾರ್ಖಾನೆಗೆ ಬರುವುದು ರಾಗಿ ಕಾಳಲ್ಲ, ತಲೆಗಾತ್ರದ ಬಂಡೆಚೂರು.

ಕಷ್ಟವಿರುವುದು ಕೊನೆಯ ಹಂತದಲ್ಲಿ. ಬಂಡೆಯನ್ನು ಜಲ್ಲಿ ಮಾಡುವುದು ಅಗ್ಗ, ಜಲ್ಲಿಯನ್ನು ಹಿಟ್ಟು ಮಾಡುವುದು ದುಬಾರಿ, ಹಿಟ್ಟನ್ನು ಇನ್ನೂ ನುಣ್ಣಗೆ ಮಾಡುವುದು ವಿಪರೀತ ದುಬಾರಿ. ಅಮೆರಿಕದ ಫ್ರೆಡ್ ಬಾಂಡ್ 1952ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಇಂದಿಗೂ ಎಂಜಿನಿಯರುಗಳು ಮೊದಲ ಲೆಕ್ಕಕ್ಕೆ ಅದನ್ನೇ ಹಿಡಿಯುತ್ತಾರೆ. ಸಾಕಷ್ಟು ಗಟ್ಟಿಯಾದ ಅದಿರಿಗೆ ಅದನ್ನು ಅನ್ವಯಿಸಿ ನೋಡೋಣ. ಒಂದು ಸೆಂಟಿಮೀಟರ್ ಜಲ್ಲಿಯನ್ನು 74 ಮೈಕ್ರಾನಿಗೆ ಇಳಿಸಲು ಟನ್ನಿಗೆ ಸುಮಾರು 16 ಯೂನಿಟ್ ವಿದ್ಯುತ್. ಅದರ ಅರ್ಧಕ್ಕೆ, 37 ಮೈಕ್ರಾನಿಗೆ, 23 ಯೂನಿಟ್. ಹತ್ತು ಮೈಕ್ರಾನಿಗೆ 46. ಇಷ್ಟು ನುಣುಪಿನಲ್ಲಿ ಸೂತ್ರವೂ ಸೋಲುತ್ತದೆ, ನಿಜವಾದ ಖರ್ಚು ಇನ್ನೂ ಹೆಚ್ಚು. ಸೋಜಿಗವೆಂದರೆ ಈ ವಿದ್ಯುತ್ತಿನಲ್ಲಿ ಕಲ್ಲು ಒಡೆಯಲು ನಿಜವಾಗಿ ಬಳಕೆಯಾಗುವುದು ತೀರಾ ಕಿಂಚಿತ್ತು. ಮಿಕ್ಕದ್ದೆಲ್ಲ ಶಾಖ, ಸದ್ದು, ಗುಂಡುಗಳ ಸವೆತ.

ಅತಿಯಾಗಿ ಅರೆದರೆ ಹಣ ಮಾತ್ರವಲ್ಲ, ಚಿನ್ನವೂ ಕೆಡುತ್ತದೆ. ಬೆಣಚುಕಲ್ಲು ಗಟ್ಟಿ, ಆದರೆ ಪೆಟ್ಟಿಗೆ ಪುಡಿಯಾಗುತ್ತದೆ. ಚಿನ್ನ ಮೆದು, ಪುಡಿಯಾಗದೆ ತಗಡಾಗುತ್ತದೆ. ಅಕ್ಕಸಾಲಿಗರು ರೇಕು ಬಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಪ್ಪ ಕಣಗಳು ಪೀಪಾಯಿಯಲ್ಲೇ ಸುತ್ತುತ್ತ ಚಪ್ಪಟೆಯಾಗಿ, ಕಲ್ಲಿನ ಪುಡಿಯನ್ನು ಮೈಗೆ ಮೆತ್ತಿಕೊಳ್ಳುತ್ತವೆ. ಆಗ ಸೈನೈಡ್‌ಗೂ ಬಗ್ಗುವುದು ನಿಧಾನ. ಆದ್ದರಿಂದ ತೂಕದ ಚಿನ್ನವನ್ನು ಅರೆಯುವ ನಡುವೆಯೇ ತೊಳೆದು ತೆಗೆದುಬಿಡುವುದು ಜಾಣತನ. ಜಾಲಗಾರರ ಮರಿಗೆ ಈಗ ಯಂತ್ರವಾಗಿ ಬಂದಿದೆ. ಇನ್ನೊಂದು, ಹೊಸ ಮೈ ತೆರೆದುಕೊಂಡಷ್ಟೂ ತಾಮ್ರ, ಗಂಧಕದ ಖನಿಜಗಳೂ ಬಾಯಿ ತೆರೆದು ಸೈನೈಡನ್ನೂ ಆಮ್ಲಜನಕವನ್ನೂ ಕುಡಿಯುತ್ತವೆ.

ಕರಗಿದ ಚಿನ್ನವನ್ನು ಮತ್ತೆ ಹಿಡಿಯುವುದು ಹೇಗೆ? ಇಲ್ಲಿ ನಮ್ಮ ಸೀಮೆಯ ಓದುಗರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಇಂದು ಹಟ್ಟಿಯೂ ಸೇರಿದಂತೆ ಜಗತ್ತಿನ ಬಹುಪಾಲು ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಬಳಕೆಯಾಗುವುದು ಇದ್ದಿಲು, ಅದರಲ್ಲೂ ಶ್ರೇಷ್ಠವೆನಿಸಿರುವುದು ತೆಂಗಿನ ಚಿಪ್ಪಿನ ಇದ್ದಿಲು. ಕಲಕುತ್ತಿರುವ ಕೆಸರಿನಲ್ಲಿ ಅದೂ ಸುತ್ತುತ್ತಿರಬೇಕು, ಸವೆದು ಪುಡಿಯಾಗಬಾರದು. ಪುಡಿಯಾದರೆ ಹಿಡಿದ ಚಿನ್ನದೊಡನೆಯೇ ಹರಿದು ಹೋಗುತ್ತದೆ. ಮರದ ಇದ್ದಿಲಿಗೆ ಇಲ್ಲದ ಗಟ್ಟಿತನ ಚಿಪ್ಪಿಗಿದೆ. ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರಿನ ಕಡೆ ಕೊಬ್ಬರಿ ಒಡೆದ ಮೇಲೆ ರಾಶಿ ಬೀಳುವ ಚಿಪ್ಪಿನ ಬೆಲೆ ತಿಳಿಯಬೇಕಾದರೆ ಇದನ್ನು ನೆನೆಯಬಹುದು.

ಇಷ್ಟಾದರೂ ಬಗ್ಗದ ಅದಿರುಗಳಿವೆ. ಅವುಗಳಲ್ಲಿ ಚಿನ್ನ ಗಂಧಕ ಮತ್ತು ಪಾಷಾಣದ ಖನಿಜಗಳ ಹರಳಿನ ಒಳಗೇ ಕುಳಿತಿರುತ್ತದೆ. 74 ಮೈಕ್ರಾನಿಗೆ ಅರೆದರೂ ಅದಕ್ಕೆ ಕಿಟಕಿ ತೆರೆಯುವುದಿಲ್ಲ. ಕೋಲಾರದಲ್ಲೇ ಚಾಂಪಿಯನ್ ಪದರದ ಬೆಣಚುಕಲ್ಲು ಸರಳ ಸ್ವಭಾವದ್ದು, ಅದರ ಪಶ್ಚಿಮದ ಗಂಧಕಭರಿತ ಪದರಗಳದ್ದು ಬೇರೆ ಜಾತಿ. ಇಂಥವನ್ನು ಹಿಂದೆ ಹುರಿಯುತ್ತಿದ್ದರು. ಹುರಿದರೆ ಗಂಧಕದ ಹೊಗೆ ಊರಿಗೆ. ಆಸ್ಟ್ರೇಲಿಯಾದ ಮೌಂಟ್ ಐಸಾ ಗಣಿಯವರು ಜರ್ಮನಿಯ ನೆಟ್ಷ್ ಕಂಪನಿಯ ಜೊತೆ ಸೇರಿ 1990ರ ದಶಕದಲ್ಲಿ ಹತ್ತು ಮೈಕ್ರಾನಿನ ಆಸುಪಾಸಿಗೆ ಅರೆಯುವ ಯಂತ್ರ ರೂಪಿಸಿದರು. ಇದು ಗುಂಡುಗಳ ಬದಲು ಸಣ್ಣ ಮಣಿಗಳನ್ನು ಬಳಸಿ ವೇಗವಾಗಿ ಕಲಕುವ ಯಂತ್ರ. ಮೊದಲು ಅದು ಸತು, ಸೀಸದ ಅದಿರಿಗಾಗಿ ಹುಟ್ಟಿದ್ದು. 2001ರ ಸುಮಾರಿಗೆ ಕಾಲ್ಗೂರ್ಲಿಯ ಚಿನ್ನದ ಗಣಿಗೂ ಬಂತು. ಅದಿರನ್ನೆಲ್ಲ ಹಾಗೆ ಅರೆದರೆ ಯಾವ ಗಣಿಯೂ ಉಳಿಯದು. ಮೊದಲು ನೊರೆ ಎಬ್ಬಿಸಿ ಗಂಧಕದ ಖನಿಜವನ್ನಷ್ಟೇ ತೇಲಿಸಿ ತೆಗೆದು, ಅದಿರಿನಲ್ಲಿ ಸಣ್ಣ ಪಾಲಾದ ಅದನ್ನು ಮಾತ್ರ ಅತಿ ನುಣ್ಣಗೆ ಮಾಡುತ್ತಾರೆ.

ಇನ್ನು ಕೋಲಾರದ ತಿಪ್ಪೆಗೆ ಬರೋಣ. ಸುಮಾರು 120 ವರ್ಷಗಳಲ್ಲಿ ಅಲ್ಲಿ ಅರೆದ ಅದಿರು 5 ಕೋಟಿ 10 ಲಕ್ಷ ಟನ್ನಿನಷ್ಟು, ಬಂದ ಚಿನ್ನ ಸುಮಾರು 800 ಟನ್. ಸರಾಸರಿ ಟನ್ನಿಗೆ ಹದಿನೈದು ಗ್ರಾಂ ಮೀರುತ್ತದೆ. ಇಂದಿನ ಹಟ್ಟಿಗೆ ಹೋಲಿಸಿದರೆ ಎಂಥ ಸಂಪತ್ತು ಅದು! ಆದರೆ ವರ್ಷ ಕಳೆದಂತೆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, ಅದಿರು ಬಡವಾಯಿತು, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ದಾಟಿತು. 1972ರಲ್ಲಿ ಸ್ಥಾಪನೆಯಾಗಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿ, ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಉಳಿದದ್ದು ಊರಿನ ನಡುವಿನ ಹದಿಮೂರು ಬೂದುಬಣ್ಣದ ದಿಬ್ಬಗಳು, ಜನರ ಬಾಯಲ್ಲಿ ಸೈನೈಡ್ ಗುಡ್ಡ. 2018ರಲ್ಲಿ ಬಂದ ಕೆ.ಜಿ.ಎಫ್. ಚಿತ್ರದಲ್ಲಿ ದೇಶವೆಲ್ಲ ಕಂಡದ್ದು ಇವನ್ನೇ.

ಈ ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆಯೆಂದು ಅಂದಾಜು. ಟನ್ನಿಗೆ 0.7 ಗ್ರಾಂ ಎಂದು ಹಿಡಿದರೂ 23 ಟನ್ ಚಿನ್ನ. ಅಗೆದು, ಮೇಲೆತ್ತಿ, ಒಮ್ಮೆ ಅರೆದು ಮುಗಿದಿರುವ ಕಲ್ಲು ಇದು. ಆ ಖರ್ಚನ್ನು ಹಿಂದಿನ ತಲೆಮಾರುಗಳು ತೆತ್ತಾಗಿದೆ. 2001ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸು ಇತ್ತು. 2025ರಲ್ಲಿ ಒಂದು ಲಕ್ಷ ದಾಟಿತು. ಅಂದು ಕಸವಾಗಿದ್ದದ್ದು ಈಗ ಅದಿರೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾವಿರ ಎಕರೆಯಷ್ಟು ಪ್ರದೇಶದಲ್ಲಿ ಹರಡಿರುವ ಈ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಲೆಕ್ಕ ಇಷ್ಟು ಸರಳವಲ್ಲ. ಒಂದು ಸಲ ಸೈನೈಡ್ ಕಂಡೂ ಉಳಿದ ಚಿನ್ನವೆಂದರೆ ಬಹುಪಾಲು ಕಿಟಕಿ ತೆರೆಯದೆ ಉಳಿದ ಚಿನ್ನ. ಅದನ್ನು ತೆಗೆಯಬೇಕಾದರೆ ಮತ್ತೆ ಅರೆಯಬೇಕು. ಎಷ್ಟು ಎಂಬುದು ದಿಬ್ಬದಿಂದ ದಿಬ್ಬಕ್ಕೆ ಬೇರೆ. ಒನಕೆಯ ಕಾಲದಲ್ಲಿ ಬಿದ್ದದ್ದು ದಪ್ಪ ಮರಳು, ಅದಕ್ಕೆ ಅಲ್ಪ ಅರೆತವೇ ಸಾಕಾದೀತು. ನಂತರದ್ದು ಆಗಲೇ ನುಣ್ಣಗಿದೆ, ಅದರಲ್ಲಿ ಉಳಿದದ್ದು ಹಟಮಾರಿ ಚಿನ್ನ. ಪ್ರತಿ ದಿಬ್ಬಕ್ಕೂ ಮೇಲಿನಿಂದ ಬುಡದವರೆಗೆ ಕೊರೆದು, ಮಾದರಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ಚಿನ್ನ ಎಲ್ಲಿ ಕುಳಿತಿದೆಯೆಂದು ನೋಡದೆ ಒಟ್ಟಾರೆ ಟನ್ ಲೆಕ್ಕ ಹೇಳುವವರ ಮಾತನ್ನು ಜರಡಿ ಹಿಡಿದೇ ಕೇಳಬೇಕು.

ಇದೇ ಮಾತು ನಮ್ಮ ಜಿಲ್ಲೆಗೂ ಹೊಂದುತ್ತದೆ. ಹೊಳೆನರಸೀಪುರದ ಸುತ್ತಲಿನ ಶಿಲಾಪಟ್ಟಿ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು, ಕೋಲಾರದ ಪಟ್ಟಿಗಿಂತಲೂ ಹಿರಿಯದು. ಪಕ್ಕದ ನುಗ್ಗೇಹಳ್ಳಿ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಹೆಸರಾದದ್ದು. ಅದೇ ಪಟ್ಟಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕಾಗಿ ತೋಡಿದ ದೊಡ್ಡ ಹಳ್ಳವನ್ನು ಭೂವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಚಿನ್ನವಿದೆ ಎಂದೊಡನೆ ಗಣಿ ಆಗುವುದಿಲ್ಲ. ಟನ್ನಿಗೆ ಎಷ್ಟು, ಯಾವ ಖನಿಜದ ಹೊಟ್ಟೆಯಲ್ಲಿ, ಎಷ್ಟು ಅರೆದರೆ ಬಿಡುತ್ತದೆ, ಈ ಮೂರು ಉತ್ತರ ಕೂಡಿಬರಬೇಕು.

ಅರೆದ ಪುಡಿಗೆ ಇನ್ನೊಂದು ಮುಖವಿದೆ, ಲಾಭದ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಬೆಣಚುಕಲ್ಲಿನ ನುಣುಪಾದ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ಹೋಗುವುದಿಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಗಣಿಯಿಂದಲೇ. ಕಾರ್ಖಾನೆಯೊಳಗೆ ನೀರಿನಲ್ಲಿ ಅರೆಯುವುದರಿಂದ ಧೂಳು ಏಳದು. ಆದರೆ ಗುಡ್ಡ ಒಣಗುತ್ತದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಬೂದುಪುಡಿ ಎದ್ದು ಕೆ.ಜಿ.ಎಫ್. ಮನೆಗಳ ಅಂಗಳ, ಬಟ್ಟೆ, ಪಾತ್ರೆಗಳ ಮೇಲೆ ಕೂರುವುದು ಅಲ್ಲಿನವರಿಗೆ ಹಳೆಯ ಗೋಳು.

3.3 ಕೋಟಿ ಟನ್ ಪುಡಿಯಲ್ಲಿ 23 ಟನ್ ಚಿನ್ನವನ್ನೂ ಪೂರ್ತಿ ತೆಗೆದೆವು ಎಂದುಕೊಳ್ಳೋಣ. ಉಳಿಯುವುದು ಹೆಚ್ಚುಕಡಿಮೆ 3.3 ಕೋಟಿ ಟನ್ನೇ. ಈ ಸಲ ಅದು ಇನ್ನೂ ನುಣ್ಣಗೆ, ಇನ್ನೂ ಸುಲಭವಾಗಿ ಗಾಳಿಗೆ ಏಳುವಂಥದು, ಹೊಸದಾಗಿ ಸೈನೈಡ್ ಸೋಕಿದ್ದು. ಅದನ್ನು ಎಲ್ಲಿ ಸುರಿಯುತ್ತಾರೆ, ನೀರು ತುಂಬಿದ ಹಳೆಯ ಸುರಂಗಗಳಿಗೆ ಇಳಿಸುತ್ತಾರೋ, ತಳಕ್ಕೆ ಹೊದಿಕೆ ಹಾಸಿದ ಹೊಸ ಕಟ್ಟೆ ಕಟ್ಟಿ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸುತ್ತಾರೋ ಎಂಬುದು ಟೆಂಡರಿನ ಷರತ್ತುಗಳಲ್ಲಿ ಮೊದಲೇ ಬರೆದಿರಬೇಕಾದ ವಿಷಯ. ಊರಿನವರು ಮೊದಲು ಓದಬೇಕಾದ ಪುಟವೂ ಅದೇ.